ಬ್ರೂಸ್ ಸ್ಪ್ರಿಂಗ್‌ಸ್ಟೀನ್ ದೊಡ್ಡವನೆ?

ದೊಡ್ಡವರು ಎಂಬ ಮಾತನ್ನು ನಾವು ಈಚೆಗೆ ಬಹಳ ಅಗ್ಗ ಮಾಡಿಬಿಟ್ಟಿದ್ದೇವೆ. ಹತ್ತು ಹಾಡು ಜನರ ಬಾಯಿಗೆ ಬಿದ್ದರೆ ಸಾಕು, ಹಾಡಿದವನು ಮಹಾಕಲಾವಿದ; ಹತ್ತು ಲಕ್ಷ ಪ್ರತಿ ಮಾರಾಟವಾದರೆ ಯುಗಪುರುಷ. ಇನ್ನೊಂದು ಕಡೆ, ರಾಕ್ ಸಂಗೀತ ಎಂಬ ಹೆಸರು ಕಿವಿಗೆ ಬಿದ್ದೊಡನೆ ಕೈಮುಗಿದು ಎದ್ದು ಹೋಗುವವರೂ ನಮ್ಮಲ್ಲಿ ಇದ್ದಾರೆ. ಪರಊರುಗಳಲ್ಲಿ ನೆಲಸಿರುವ ನಮ್ಮ ಸಂಸಾರಗಳಲ್ಲಂತೂ ಈ ಎರಡು ಪಕ್ಷಗಳೂ ಒಂದೇ ಸೂರಿನ ಕೆಳಗೆ ವಾಸ ಮಾಡುತ್ತವೆ. ಹಜಾರದಲ್ಲಿ ಭೀಮಸೇನ ಜೋಶಿಯವರ ದಾಸರಪದ. ಒಳಕೋಣೆಯಲ್ಲಿ ಮಗನ ಕಿವಿಗೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ ಇಂಗ್ಲಿಷ್ ಗಿಟಾರು. ಹಿರಿಯರು ಮಗನದು ಗದ್ದಲವೆನ್ನುತ್ತಾರೆ. ಮಗ ಹಿರಿಯರದು ಹಳೆಯ ಕಾಲವೆನ್ನುತ್ತಾನೆ. ಇಬ್ಬರೂ ಇನ್ನೊಬ್ಬರದನ್ನು ಕೂತು ಕೇಳಿರುವುದಿಲ್ಲ.

ಈ ವಾದವನ್ನು ಗಾಳಿಯಲ್ಲಿ ನಡೆಸಿದರೆ ಪ್ರಯೋಜನವಿಲ್ಲ. ಒಬ್ಬ ಮನುಷ್ಯನನ್ನು ಮುಂದಿಟ್ಟುಕೊಂಡು ನೋಡುವುದು ಮೇಲು. ಅದಕ್ಕಾಗಿ ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನನನ್ನು ಆರಿಸಿಕೊಂಡಿದ್ದೇವೆ. ಆರಿಸಲು ಎರಡು ಕಾರಣಗಳುಂಟು. ಈತನನ್ನು ಹೊಗಳುವವರ ಬಳಿಯೂ ತೆಗಳುವವರ ಬಳಿಯೂ ಗಟ್ಟಿ ಸಾಕ್ಷ್ಯವಿದೆ ಎಂಬುದು ಮೊದಲನೆಯದು. ಈತ ಜೀವಮಾನವೆಲ್ಲ ಹಾಡಿದ ವಿಷಯಗಳು—ಹುಟ್ಟೂರು, ಅದನ್ನು ಬಿಟ್ಟು ಹೊರಡುವ ಆಸೆ, ಕೆಲಸ, ಸಂಬಳ, ತಂದೆ ಮಕ್ಕಳ ನಡುವಿನ ಮೌನ—ನಮ್ಮಂಥವರಿಗೆ ಅಪರಿಚಿತವಲ್ಲ ಎಂಬುದು ಎರಡನೆಯದು.

ಮೊದಲು ಅಳತೆಗೋಲನ್ನು ಗೊತ್ತು ಮಾಡಿಕೊಳ್ಳೋಣ. ಕಲಾವಿದನೊಬ್ಬನನ್ನು ದೊಡ್ಡವನೆನ್ನಬೇಕಾದರೆ ತನ್ನ ಕಲೆಗೆ ಅದು ಹಿಂದೆ ಹೊರದಿದ್ದ ಭಾರವನ್ನು ಆತ ಹೊರಿಸಿರಬೇಕು. ಯಾರ ಬಾಳನ್ನು ಹಾಡಿದನೋ ಅವರು ಕೇಳಿ, “ಹೌದು, ಇದು ನಮ್ಮದೇ” ಎಂದಿರಬೇಕು. ಹಾಗೆಯೇ ಲಾಭ ಬಂದಾಗಲೂ ನಷ್ಟ ಬಂದಾಗಲೂ ತಾನು ಆಡಿದ ಮಾತಿಗೆ ನಿಂತಿರಬೇಕು. ಜನಪ್ರಿಯತೆ ಈ ಪಟ್ಟಿಯಲ್ಲಿಲ್ಲ. ಜಾತ್ರೆಯಲ್ಲಿ ಬುಗ್ಗೆ ಮಾರುವವನ ಸುತ್ತಲೂ ಜನ ಸೇರುತ್ತಾರೆ.

ಸ್ಪ್ರಿಂಗ್‌ಸ್ಟೀನ್ ಹುಟ್ಟಿದ್ದು 1949ರ ಸೆಪ್ಟೆಂಬರ್ 23ರಂದು, ನ್ಯೂಜೆರ್ಸಿ ಸಂಸ್ಥಾನದಲ್ಲಿ. ಬೆಳೆದದ್ದು ಅಲ್ಲಿಯೇ ಫ್ರೀಹೋಲ್ಡ್ ಎಂಬ ಸಣ್ಣ ಊರಿನಲ್ಲಿ. ತಂದೆ ಒಂದು ಕೆಲಸದಲ್ಲಿ ನಿಂತವನಲ್ಲ: ಕೆಲವು ಕಾಲ ರತ್ನಗಂಬಳಿ ನೇಯುವ ಗಿರಣಿ, ಕೆಲವು ಕಾಲ ಫೋರ್ಡ್ ಕಾರ್ಖಾನೆ, ಮತ್ತೆ ಬಸ್ಸಿನ ಚಾಲಕ, ಮತ್ತೆ ಸೆರೆಮನೆಯ ಕಾವಲುಗಾರ. ಮನೋವ್ಯಾಧಿಯಿಂದ ನರಳುತ್ತಿದ್ದ ಆತ ರಾತ್ರಿ ದೀಪವಾರಿಸಿ ಅಡಿಗೆಮನೆಯಲ್ಲಿ ಒಬ್ಬನೇ ಕುಳಿತಿರುತ್ತಿದ್ದ. ಮನೆಯನ್ನು ತೂಗಿಸಿದವಳು ತಾಯಿ. ಆಕೆ ವಕೀಲರ ಕಚೇರಿಯಲ್ಲಿ ಕಾರ್ಯದರ್ಶಿ. ತಪ್ಪದೆ ಕಚೇರಿಗೆ ಹೋಗಿ ತಪ್ಪದೆ ಸಂಬಳ ತರುತ್ತಿದ್ದಳು. ಮಗನಿಗೆ ಸುಮಾರು 60 ಡಾಲರಿನ ಗಿಟಾರು ಕೊಡಿಸಲು ಆಕೆ ಸಾಲ ಮಾಡಿದಳು. ಬೆಳಗ್ಗೆ ಡಬ್ಬಿ ಕಟ್ಟಿಕೊಂಡು ಹೊರಟು ಕಡತಗಳ ನಡುವೆ ದಿನ ಕಳೆಯುವ ನಮ್ಮಂಥ ಗುಮಾಸ್ತರಿಗೆ ಈ ತಾಯಿಯ ಸಾಲ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ.

1969ರಲ್ಲಿ ತಂದೆ ತಾಯಿ ಕಿರಿಯ ಮಗಳನ್ನು ಕರೆದುಕೊಂಡು ಕ್ಯಾಲಿಫೋರ್ನಿಯಕ್ಕೆ ವಲಸೆ ಹೋದರು. ನಮ್ಮಲ್ಲಿ ಮಕ್ಕಳು ಹೊರಟು ಹೆತ್ತವರು ಊರಿನಲ್ಲಿ ಉಳಿಯುತ್ತಾರೆ. ಇಲ್ಲಿ ಹೆತ್ತವರು ಹೊರಟರು, ಹತ್ತೊಂಬತ್ತರ ಮಗ ಉಳಿದ. ಸಮುದ್ರತೀರದ ಆಸ್‌ಬರಿ ಪಾರ್ಕಿನ ಪಾನಗೃಹಗಳಲ್ಲಿ ಹಾಡಿಕೊಂಡು ಹೊಟ್ಟೆ ಹೊರೆದ. 1973ರಲ್ಲಿ ಎರಡು ಧ್ವನಿಮುದ್ರಿಕೆಗಳು ಹೊರಬಂದವು. ವಿಮರ್ಶಕರು ಮೆಚ್ಚಿದರು, ಕೊಳ್ಳುವವರು ಬರಲಿಲ್ಲ. 1975ರ ‘ಬಾರ್ನ್ ಟು ರನ್’ ಕೊನೆಯ ಅವಕಾಶವಾಗಿತ್ತು. ಅದರ ಮುಖ್ಯ ಹಾಡೊಂದಕ್ಕೇ ಆರು ತಿಂಗಳು ಹಿಡಿಯಿತು. ಫಲವಾಗಿ ಆ ವರ್ಷದ ಅಕ್ಟೋಬರಿನಲ್ಲಿ ‘ಟೈಮ್’ ಮತ್ತು ‘ನ್ಯೂಸ್‌ವೀಕ್’ ಪತ್ರಿಕೆಗಳೆರಡೂ ಒಂದೇ ವಾರ ಮುಖಪುಟದಲ್ಲಿ ಆತನ ಚಿತ್ರ ಹಾಕಿದವು. ಒಡನೆಯೇ ವ್ಯವಸ್ಥಾಪಕನೊಡನೆ ವ್ಯಾಜ್ಯ ಹತ್ತಿತು. ಅದು ಬಗೆಹರಿಯುವವರೆಗೆ, ಎಂದರೆ 1977ರವರೆಗೆ, ಹೊಸ ಧ್ವನಿಮುದ್ರಿಕೆ ಮಾಡಲು ಸಾಧ್ಯವಾಗಲಿಲ್ಲ.

ಇನ್ನು ಕಲೆಯ ವಿಚಾರ. ರಾಕ್ ಸಂಗೀತ ಹುಟ್ಟಿನಿಂದಲೂ ಹರೆಯದ ಸಂಗೀತ. ಕಾರು, ಹುಡುಗಿ, ಶನಿವಾರದ ರಾತ್ರಿ—ಇವು ಅದರ ಸ್ಥಾಯೀ ವಸ್ತುಗಳು. ಸ್ಪ್ರಿಂಗ್‌ಸ್ಟೀನ್ ಈ ವಸ್ತುಗಳನ್ನು ಬಿಸಾಡಲಿಲ್ಲ. ಆದರೆ ಹಾಡಿನೊಳಗಿನ ಹುಡುಗ ಹುಡುಗಿಯರಿಗೆ ವಯಸ್ಸಾಗಲು ಬಿಟ್ಟ. ನಮ್ಮ ಎಣಿಕೆಯಲ್ಲಿ ಆತನ ಮುಖ್ಯ ಸಾಧನೆ ಇದು. 1975ರಲ್ಲಿ ಊರು ಬಿಟ್ಟು ಓಡಬೇಕೆಂದು ಹಂಬಲಿಸುವ ಜೋಡಿ 1980ರ ‘ದಿ ರಿವರ್’ ಹಾಡಿಗೆ ಬರುವ ಹೊತ್ತಿಗೆ ಬೇರೆ ಜೋಡಿಯಾಗಿದೆ: ಅವಸರದ ಮದುವೆ, ಕಟ್ಟಡದ ಕೆಲಸ, ಆ ಕೆಲಸವೂ ಸಿಕ್ಕದ ದಿನಗಳು, ಮಾತು ನಿಂತ ಸಂಸಾರ. ಇದು ಕಲ್ಪನೆಯ ಜೋಡಿಯಲ್ಲ; ತನ್ನ ತಂಗಿ ಮತ್ತು ಆಕೆಯ ಗಂಡನ ಬಾಳನ್ನು ನೋಡಿ ಬರೆದದ್ದು. 1984ರ ‘ಮೈ ಹೋಮ್‌ಟೌನ್’ ಹಾಡಿನಲ್ಲಿ ಅದೇ ಪೀಳಿಗೆಯ ಮನುಷ್ಯ, ಗಿರಣಿ ಮುಚ್ಚಿ ಅಂಗಡಿಗಳು ಖಾಲಿಯಾದ ಊರನ್ನು ಬಿಡುವ ಮುಂಚೆ ತನ್ನ ಮಗನಿಗೆ ಅದನ್ನು ಒಮ್ಮೆ ತೋರಿಸುತ್ತಾನೆ. 1982ರ ಗಿರಣಿ ಮುಷ್ಕರವನ್ನು ಕಂಡ ಮುಂಬಯಿಯ ನಮ್ಮ ಹಿರಿಯರಿಗೆ ಈ ಹಾಡಿನ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

‘ದಿ ರಿವರ್’ ಆತನನ್ನು ಮೊದಲ ಬಾರಿಗೆ ಮಾರಾಟದ ಮೊದಲ ಸ್ಥಾನಕ್ಕೆ ಏರಿಸಿತು. ಆಗ ಬೇರೆಯವನಾಗಿದ್ದರೆ ಅದೇ ಅಚ್ಚಿನಲ್ಲಿ ಇನ್ನೆರಡು ಎರೆಯುತ್ತಿದ್ದ. ಈತ ಮಾಡಿದ್ದೇ ಬೇರೆ. 1982ರ ಆರಂಭದಲ್ಲಿ ಮನೆಯ ಕೋಣೆಯೊಂದರಲ್ಲಿ ಕುಳಿತು ಸಾಮಾನ್ಯ ಕ್ಯಾಸೆಟ್ಟಿನ ಮೇಲೆ ಗಿಟಾರು ಮತ್ತು ಬಾಯಿವಾದ್ಯ ಇಟ್ಟುಕೊಂಡು ಒಬ್ಬನೇ ಕೆಲವು ಹಾಡು ಮುದ್ರಿಸಿದ. ಮೇಳದವರಿಗೆ ಪಾಠವಾಗಲೆಂದು ಮಾಡಿದ ಕರಡು ಅದು. ಮೇಳದೊಡನೆ ಮತ್ತೆ ಮುದ್ರಿಸಿದಾಗ ಹಾಡಿನ ಜೀವ ಹೋಯಿತೆಂದು ಕಂಡು, ಕೊನೆಗೆ ಆ ಕರಡನ್ನೇ ‘ನೆಬ್ರಾಸ್ಕ’ ಎಂಬ ಹೆಸರಿನಲ್ಲಿ ಹೊರತಂದ. ಕೊಲೆಗಡುಕರು, ಕೆಲಸ ಕಳೆದುಕೊಂಡವರು, ತಪ್ಪು ಮಾಡಿದ ತಮ್ಮನನ್ನು ಬೇಕೆಂದೇ ಹಿಡಿಯದೆ ಬಿಡುವ ಪೊಲೀಸು ಅಣ್ಣ—ಇಂಥವರ ಕಥೆಗಳು. ಅದರ ತಯಾರಿಕೆಯನ್ನೇ ವಸ್ತುವಾಗಿಟ್ಟುಕೊಂಡು 2025ರಲ್ಲಿ ಚಲನಚಿತ್ರವೊಂದು ಬಂದಿದೆ. ಗದ್ದಲವೆಂದು ಎದ್ದು ಹೋಗುವವರು ಮೊದಲು ಇದನ್ನು ಕೇಳಬೇಕು. ಇದರಲ್ಲಿ ಡೋಲಿನ ಸದ್ದೇ ಇಲ್ಲ.

1984ರ ‘ಬಾರ್ನ್ ಇನ್ ದಿ ಯು.ಎಸ್.ಎ.’ ಅಮೆರಿಕದಲ್ಲೇ ಒಂದೂವರೆ ಕೋಟಿ ಪ್ರತಿಗಳಿಗೂ ಮೇಲ್ಪಟ್ಟು ಹೋಯಿತು. ಅದರ ಮೊದಲ ಹಾಡು ವಿಯಟ್ನಾಂ ಯುದ್ಧದಿಂದ ಮರಳಿ ಬಂದು ಎಲ್ಲಿಯೂ ಕೆಲಸ ಸಿಕ್ಕದ ಸೈನಿಕನ ಗೋಳು. ಆದರೆ ಪಲ್ಲವಿಯ ಆರ್ಭಟವನ್ನಷ್ಟೇ ಕೇಳಿದವರು ಅದನ್ನು ದೇಶದ ಜಯಘೋಷವೆಂದು ತಿಳಿದರು. ಚುನಾವಣೆಯ ಕಾಲ, ಅಧ್ಯಕ್ಷ ರೇಗನ್ 1984ರ ಸೆಪ್ಟೆಂಬರ್ 19ರಂದು ನ್ಯೂಜೆರ್ಸಿಯ ಸಭೆಯಲ್ಲಿ ಈತನ ಹಾಡುಗಳ ಭರವಸೆಯ ಸಂದೇಶವನ್ನು ಕೊಂಡಾಡಿದ. ಎರಡೇ ದಿನಗಳಲ್ಲಿ ಪಿಟ್ಸ್‌ಬರ್ಗಿನ ವೇದಿಕೆಯಿಂದ ಸ್ಪ್ರಿಂಗ್‌ಸ್ಟೀನ್ ಉತ್ತರ ಕೊಟ್ಟ: ಅಧ್ಯಕ್ಷರು ‘ನೆಬ್ರಾಸ್ಕ’ವನ್ನು ಕೇಳಿರಲಾರರು ಎಂಬರ್ಥದ ಮಾತನಾಡಿ, ಕಾರ್ಖಾನೆ ಮುಚ್ಚಿ ಬೀದಿಗೆ ಬಿದ್ದವನೊಬ್ಬ ಕೊಲೆಗಾರನಾಗುವ ಹಾಡನ್ನು ಎತ್ತಿಕೊಂಡ. ದೇಶದ ಅಧ್ಯಕ್ಷನ ಹೊಗಳಿಕೆಯನ್ನು ಹೀಗೆ ಹಿಂದಿರುಗಿಸಿದ್ದು ಸಣ್ಣ ಮಾತಲ್ಲ. ಆದರೂ ನ್ಯಾಯವಾಗಿ ಹೇಳಬೇಕಾದರೆ, ಲಕ್ಷಾಂತರ ಜನ ತಪ್ಪು ತಿಳಿಯುವಂತೆ ಹಾಡನ್ನು ಕಟ್ಟಿದವನಿಗೂ ಆ ತಪ್ಪಿನಲ್ಲಿ ಪಾಲಿದೆ.

ಈಗ ಆಕ್ಷೇಪಣೆಗಳಿಗೆ ಬರೋಣ. ಮೊದಲನೆಯದು ಸಂಗೀತದ್ದು. ಮೂರು ನಾಲ್ಕು ಸ್ವರಮೇಳಗಳನ್ನೇ ತಿರುವಿ ತಿರುವಿ ಹಾಕುವುದು, ಒರಟು ಕಂಠ, ಕೂಗು. ಇದಕ್ಕೆ ಸಂಗೀತವೆಂದು ಹೆಸರೆ? ಜೋಳದ ರೊಟ್ಟಿಯನ್ನು ಹೋಳಿಗೆಯ ಮೃದುತ್ವದಿಂದ ಅಳೆಯುವುದು ತರವಲ್ಲ ಎಂಬುದಷ್ಟೇ ನಮ್ಮ ಉತ್ತರ. ರಾಗವಿಸ್ತಾರ ಈ ಪ್ರಕಾರದ ಗುರಿಯಲ್ಲ. ಕಥೆಯೊಂದನ್ನು ಐದು ನಿಮಿಷಗಳಲ್ಲಿ ಸಾವಿರಾರು ಜನರ ಮೈಗೆ ತಟ್ಟಿಸುವುದು ಅದರ ಗುರಿ. ಆ ಗುರಿಯಿಂದ ನೋಡಿದರೂ ಈತ ಮೂಲಪುರುಷನಲ್ಲ. ಹಾದಿ ಕಡಿದವರು ಚಕ್ ಬೆರಿ, ಬಾಬ್ ಡಿಲನ್ ಮುಂತಾದವರು. ಈತ ಆ ಹಾದಿಯಲ್ಲಿ ಬಹು ದೂರ ನಡೆದವನು. ಇದನ್ನು ಒಪ್ಪಿಕೊಳ್ಳುವುದರಿಂದ ಆತನಿಗೇನೂ ಕುಂದಿಲ್ಲ.

ಎರಡನೆಯ ಆಕ್ಷೇಪಣೆ ಇನ್ನೂ ಹರಿತವಾದದ್ದು. ಕಾರ್ಖಾನೆಯ ಕೂಲಿಗಳನ್ನು ಕುರಿತು ಹಾಡುವ ಈ ಆಸಾಮಿ ಒಂದು ದಿನವೂ ಕಾರ್ಖಾನೆಯಲ್ಲಿ ದುಡಿದವನಲ್ಲ. ಸೈನಿಕರನ್ನು ಕುರಿತು ಹಾಡುವವನು 1969ರಲ್ಲಿ ಕರೆ ಬಂದಾಗ ವೈದ್ಯಪರೀಕ್ಷೆಯಲ್ಲಿ ತಪ್ಪಿಸಿಕೊಂಡು ಮನೆಗೆ ಬಂದವನು. ಆತನ ಮೊದಲ ಮೇಳದಲ್ಲಿ ಡೋಲು ಬಾರಿಸುತ್ತಿದ್ದ ಗೆಳೆಯ ಅದಕ್ಕೆ ಮುಂಚೆ 1967ರಲ್ಲೇ ವಿಯಟ್ನಾಮಿನಲ್ಲಿ ಸತ್ತಿದ್ದ. ಈ ಎರಡನ್ನೂ ಬಯಲು ಮಾಡಿದವನು ಸ್ಪ್ರಿಂಗ್‌ಸ್ಟೀನನೇ. 2017–18ರಲ್ಲಿ ನ್ಯೂಯಾರ್ಕಿನ ಸಣ್ಣ ನಾಟಕಶಾಲೆಯೊಂದರಲ್ಲಿ ತನ್ನ ಬಾಳಿನ ಕಥೆ ಹೇಳುತ್ತ 236 ಪ್ರದರ್ಶನ ಕೊಟ್ಟಾಗ, ತಾನು ಕಾಣದ ಕೆಲಸವನ್ನು ಹಾಡಿಯೇ ಹೆಸರು ಗಳಿಸಿದೆನೆಂದು ನಗುತ್ತ ಹೇಳಿಕೊಂಡ; ತನ್ನ ಬದಲು ಯಾರು ಯುದ್ಧಕ್ಕೆ ಹೋದರೋ ಎಂದು ನಗದೆ ಕೇಳಿಕೊಂಡ.

ಒಪ್ಪಿಕೊಂಡ ಮಾತ್ರಕ್ಕೆ ಆಕ್ಷೇಪಣೆ ತೀರುವುದಿಲ್ಲ. ಬಾಳಿದವರ ಸಾಕ್ಷ್ಯ ಬೇಕು. 1981ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನಲ್ಲಿ ವಿಯಟ್ನಾಂ ಸೈನಿಕರ ಸಂಘದ ಸಹಾಯಾರ್ಥ ಆತ ಕಚೇರಿ ನಡೆಸಿದ. ಯುದ್ಧದಲ್ಲಿ ನಡೆಯುವ ಶಕ್ತಿ ಕಳೆದುಕೊಂಡಿದ್ದ ಆ ಸಂಘದ ಸ್ಥಾಪಕ ಬಾಬಿ ಮುಲ್ಲರ್, ಆ ಸಂಜೆಯ ನೆರವಿಲ್ಲದಿದ್ದರೆ ಸಂಘ ಉಳಿಯುತ್ತಿರಲಿಲ್ಲವೆಂದು ಮುಂದೆ ಹೇಳಿದ್ದಾನೆ. ಒಹಾಯೋ ಸಂಸ್ಥಾನದ ಯಂಗ್ಸ್‌ಟೌನ್ ಉಕ್ಕಿನ ಊರು. ಅಲ್ಲಿ 1977ರ ಸೆಪ್ಟೆಂಬರ್ 19ರಂದು ದೊಡ್ಡ ಕಾರ್ಖಾನೆಯೊಂದನ್ನು ಮುಚ್ಚುವುದಾಗಿ ಸಾರಿದಾಗ ಸುಮಾರು 5,000 ಜನರ ಅನ್ನ ಹೋಯಿತು. ಈ ಊರುಗಳ ಬಗ್ಗೆ ಡೇಲ್ ಮಹರಿಡ್ಜ್ ಮತ್ತು ಮೈಕೇಲ್ ವಿಲಿಯಮ್ಸನ್ ಎಂಬ ಪತ್ರಕರ್ತರು ಬರೆದ ಪುಸ್ತಕವನ್ನು ಒಂದೇ ರಾತ್ರಿಯಲ್ಲಿ ಓದಿ, ಸ್ಪ್ರಿಂಗ್‌ಸ್ಟೀನ್ ‘ಯಂಗ್ಸ್‌ಟೌನ್’ ಎಂಬ ಹಾಡು ಬರೆದ, 1995ರಲ್ಲಿ ಹೊರಬಂತು. ಮರುವರ್ಷದ ಜನವರಿಯಲ್ಲಿ ಆ ಊರಿಗೇ ಹೋಗಿ, ಕೆಲಸ ಕಳೆದುಕೊಂಡವರ ಎದುರಿನಲ್ಲೇ ಅದನ್ನು ಹಾಡಿದ. ಸುಳ್ಳು ಬರೆದವನಿಗೆ ಈ ಧೈರ್ಯ ಬಾರದು. ಕಂಡದ್ದನ್ನಷ್ಟೇ ಬರೆಯಬೇಕೆಂದರೆ ಸಾಹಿತ್ಯದಲ್ಲಿ ಮುಕ್ಕಾಲುಪಾಲು ಸುಟ್ಟುಬಿಡಬೇಕಾದೀತು. ಪರರ ಬಾಳನ್ನು ತಿಳಿಯಲು ಪಟ್ಟ ಶ್ರಮ ಎಷ್ಟು, ಅವರಿಗೆ ಹಿಂದಿರುಗಿಸಿದ್ದು ಎಷ್ಟು ಎಂಬುದೇ ಇಲ್ಲಿ ಪ್ರಶ್ನೆ.

ಮೂರನೆಯದು ಹಣದ ಆಕ್ಷೇಪಣೆ. ಇದಕ್ಕೆ ನಮ್ಮಲ್ಲಿ ಪೂರ್ಣ ಉತ್ತರವಿಲ್ಲ. 2021ರ ಡಿಸೆಂಬರಿನಲ್ಲಿ ಆತ ತನ್ನ ಹಾಡುಗಳ ಹಕ್ಕುಗಳನ್ನು ಸೋನಿ ಸಂಸ್ಥೆಗೆ ಮಾರಿದ; ಪತ್ರಿಕೆಗಳು ವರದಿ ಮಾಡಿದ ಬೆಲೆ ಸುಮಾರು 50 ಕೋಟಿ ಡಾಲರು. ತನ್ನ ದುಡಿಮೆಯನ್ನು ಮಾರಿಕೊಂಡದ್ದು ಆತನ ಇಷ್ಟ ಎನ್ನೋಣ. ಆದರೆ ಮರುವರ್ಷ ಪ್ರವಾಸದ ಟಿಕೆಟುಗಳನ್ನು ಮಾರುವಾಗ, ಬೇಡಿಕೆ ಏರಿದಂತೆ ಬೆಲೆಯೂ ಏರುವ ಪದ್ಧತಿಗೆ ಒಪ್ಪಿಗೆ ಕೊಟ್ಟ. ಕೆಲವು ಟಿಕೆಟುಗಳ ಬೆಲೆ 5,000 ಡಾಲರಿಗೆ ಹತ್ತಿತು. ಹೆಚ್ಚಿನ ಟಿಕೆಟುಗಳು ನಿಗದಿಯಾದ ಬೆಲೆಗೇ ಹೋದವೆಂದು ಮಾರಾಟಗಾರರು ಸಮಾಧಾನ ಹೇಳಿದರು. ಆತನೂ ತನ್ನ ಕ್ರಮವನ್ನು ಸಮರ್ಥಿಸಿಕೊಂಡ. 1980ರಿಂದ ನಡೆದು ಬಂದಿದ್ದ ‘ಬ್ಯಾಕ್‌ಸ್ಟ್ರೀಟ್ಸ್’ ಎಂಬ ಅಭಿಮಾನಿಗಳ ಪತ್ರಿಕೆ ಇದರಿಂದ ಮನನೊಂದು 2023ರಲ್ಲಿ ಬಾಗಿಲು ಹಾಕಿತು. ಹೇಳುವುದು ಆಚಾರ, ತಿನ್ನುವುದು ಬದನೇಕಾಯಿ ಎಂದು ನಮ್ಮ ಅಜ್ಜಿಯರು ಸುಮ್ಮನೆ ಹೇಳಲಿಲ್ಲ. ಕೂಲಿಕಾರನ ಹಾಡನ್ನು ಕೂಲಿಕಾರ ಬಂದು ಕೇಳಲಾರದಂತೆ ಮಾರುವುದು ಕಲೆಗೇ ಅಪಚಾರ. ಈ ಕಲೆಯನ್ನು ತೊಳೆದು ಹಾಕಲು ನಾವು ಹೊರಟಿಲ್ಲ.

ಆದರೆ ಲೆಕ್ಕದ ಪುಸ್ತಕದಲ್ಲಿ ಒಂದೇ ಪುಟ ನೋಡಿ ಷರಾ ಬರೆಯುವುದು ನಮ್ಮ ವೃತ್ತಿಧರ್ಮವಲ್ಲ. ಇನ್ನೆರಡು ಪುಟ ತಿರುವೋಣ. 1999ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅಮಡು ಡಿಯಾಲೊ ಎಂಬ ಯುವಕ ತನ್ನ ಮನೆಯ ಬಾಗಿಲಲ್ಲೇ ಪೊಲೀಸರ ಗುಂಡಿಗೆ ಬಲಿಯಾದ. ಆಫ್ರಿಕದ ಗಿನಿ ದೇಶದವನು, ಹೊಟ್ಟೆಪಾಡಿಗಾಗಿ ಪರಊರಿಗೆ ಬಂದವನು, ಕೈಯಲ್ಲಿ ಆಯುಧವಿರಲಿಲ್ಲ. ನಾಲ್ವರು ಪೊಲೀಸರು ಹಾರಿಸಿದ ಗುಂಡು 41. ಮರುವರ್ಷ ನ್ಯಾಯಾಲಯ ನಾಲ್ವರನ್ನೂ ಬಿಡುಗಡೆ ಮಾಡಿತು. 2000ದ ಜೂನಿನಲ್ಲಿ ಸ್ಪ್ರಿಂಗ್‌ಸ್ಟೀನ್ ಈ ಸಾವನ್ನು ಕುರಿತು ಹಾಡು ಕಟ್ಟಿದ. ಅದರಲ್ಲಿ ಪೊಲೀಸರಿಗೆ ಬೈಗುಳವಿಲ್ಲ. ಸತ್ತವನ ಪಕ್ಕದಲ್ಲಿ ಮಂಡಿಯೂರಿದವನ ಪ್ರಾರ್ಥನೆಯೂ ಇದೆ, ಬೀದಿಯಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಮಗನಿಗೆ ಬುದ್ಧಿ ಹೇಳುವ ತಾಯಿಯೂ ಇದ್ದಾಳೆ. ಪೊಲೀಸರ ಸಂಘ ಆತನ ಕಚೇರಿಗಳನ್ನು ಬಹಿಷ್ಕರಿಸಿ ಎಂದಿತು. ಆತನ ಕೇಳುಗರಲ್ಲಿ ಪೊಲೀಸರ, ಬೆಂಕಿ ಆರಿಸುವವರ ಮನೆಯವರೇ ಬಹಳ ಮಂದಿ. ಅವರು ಮುನಿದರೂ ಸರಿಯೆಂದು ನ್ಯೂಯಾರ್ಕಿನಲ್ಲೇ ನಿಂತು ಹಾಡಿದ. ನಷ್ಟ ಬರುವಾಗ ಮಾತಿಗೆ ನಿಲ್ಲುವುದು ಎಂದರೆ ಇದೇ ಅಲ್ಲವೆ?

ನಮ್ಮ ದೇಶಕ್ಕೂ ಆತ ಬಂದಿದ್ದುಂಟು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಗೆ 40 ವರ್ಷ ತುಂಬಿದ 1988ರಲ್ಲಿ ಆಮ್ನೆಸ್ಟಿ ಸಂಸ್ಥೆ ಏರ್ಪಡಿಸಿದ ಪ್ರವಾಸದಲ್ಲಿ ಸ್ಟಿಂಗ್, ಪೀಟರ್ ಗೇಬ್ರಿಯಲ್, ಟ್ರೇಸಿ ಚಾಪ್‌ಮನ್, ಸೆನೆಗಾಲಿನ ಯೂಸು ಎನ್‌ಡೂರ್ ಅವರೊಡನೆ ಸೆಪ್ಟೆಂಬರ್ 30ರಂದು ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಹಾಡಿದ. ದೆಹಲಿಯ ನಮ್ಮ ಬಂಧುಗಳಲ್ಲಿ ಆ ರಾತ್ರಿ ಅಲ್ಲಿದ್ದವರು ಯಾರಾದರೂ ಇದ್ದರೆ ಈ ಪತ್ರಿಕೆಗೆ ಬರೆಯಲಿ. ಓದಲು ನಾವು ಕಾದಿರುತ್ತೇವೆ.

ಕೊನೆಯದಾಗಿ ತಂದೆ ಮಗನ ಮಾತು. ಮನೆಯೊಳಗೆ ಬಾಯಿಬಿಟ್ಟು ಮಾತನಾಡದ ತಂದೆಯನ್ನು ಕುರಿತು ಸ್ಪ್ರಿಂಗ್‌ಸ್ಟೀನ್ ಹಾಡಿನ ಮೇಲೆ ಹಾಡು ಬರೆದ; ಮೊದಮೊದಲು ಕೋಪದಿಂದ, ಬರಬರುತ್ತ ಮರುಕದಿಂದ. 1990ರಲ್ಲಿ ತನಗೆ ಮೊದಲ ಮಗು ಹುಟ್ಟುವ ಮುಂಚೆ ಆ ತಂದೆ ನೂರಾರು ಮೈಲಿ ಕಾರು ನಡೆಸಿಕೊಂಡು ಬಂದು, ನಿನ್ನನ್ನು ನಾನು ಚೆನ್ನಾಗಿ ನೋಡಿಕೊಳ್ಳಲಿಲ್ಲ ಎಂದು ಒಪ್ಪಿಕೊಂಡನಂತೆ. 2016ರಲ್ಲಿ ಬರೆದ ಆತ್ಮಕಥೆಯಲ್ಲಿ ತಂದೆಯ ಮನೋವ್ಯಾಧಿಯನ್ನೂ ತನ್ನನ್ನು ಕಾಡಿದ ಖಿನ್ನತೆಯನ್ನೂ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ಗಂಡಸು ಅಳಬಾರದು, ಮನೆಯ ಮಾತು ಹೊರಗೆ ಹೋಗಬಾರದು ಎಂದು ಬೆಳೆದವರು ಅಲ್ಲಿಯೂ ಇದ್ದಾರೆ, ಇಲ್ಲಿಯೂ ಇದ್ದೇವೆ. ಲಕ್ಷಾಂತರ ಜನ ವೀರನೆಂದು ಪೂಜಿಸುವ ಗಾಯಕನೊಬ್ಬ ತನಗೆ ಔಷಧಿ ಬೇಕಾಯಿತು, ವೈದ್ಯರು ಬೇಕಾದರು ಎಂದು ಹೇಳುವುದರಿಂದ ಎಷ್ಟು ಮನೆಗಳಲ್ಲಿ ಬಾಗಿಲು ತೆರೆದಿರಬಹುದೋ ಲೆಕ್ಕ ಹಾಕುವುದು ಕಷ್ಟ.

ಹಾಗಾದರೆ ತೀರ್ಪು ಏನು? ಕಲೆಗೆ ಹೊಸ ಭಾರ ಹೊರಿಸಿದನೆ? ಹೊರಿಸಿದ: ಹರೆಯದ ಹಾಡಿಗೆ ಸಂಸಾರಸ್ಥನ ವಯಸ್ಸು ಕೊಟ್ಟ. ಬಾಳಿದವರು ತಮ್ಮದೆಂದರೆ? ಎಂದರು. ಮಾತಿಗೆ ನಿಂತನೆ? ಬಹುಪಾಲು ನಿಂತ, ಟಿಕೆಟಿನ ಕಿಟಕಿಯ ಬಳಿ ಕಾಲು ಜಾರಿದ. ಇಷ್ಟನ್ನೂ ಕೂಡಿಸಿ ಕಳೆದು ನೋಡಿದರೆ, ಆತ ದೊಡ್ಡವನೆಂದೇ ನಮ್ಮ ಅಭಿಪ್ರಾಯ. ಪೂಜೆಗೆ ಕೂರಿಸುವ ದೊಡ್ಡತನವಲ್ಲ. ತಪ್ಪನ್ನು ಎದುರಿಗೇ ಎತ್ತಿ ಹೇಳಬಹುದಾದ, ಹೇಳಿದ ಮೇಲೂ ಉಳಿಯುವ ದೊಡ್ಡತನ. 2012ರಲ್ಲಿ ಹೆಲ್ಸಿಂಕಿಯಲ್ಲಿ, 62ರ ವಯಸ್ಸಿನಲ್ಲಿ, ಒಂದೇ ಕಚೇರಿಯಲ್ಲಿ ನಾಲ್ಕು ಗಂಟೆಗೂ ಮೀರಿ ನಿಂತು ಹಾಡಿದವನಿಗೆ ತನ್ನ ಕೆಲಸದ ಮೇಲೆ ಶ್ರದ್ಧೆಯಿಲ್ಲವೆಂದು ಯಾರೂ ಹೇಳಲಾರರು.

ಒಂದು ವಿನೋದವನ್ನು ಹೇಳದೆ ಬಿಡಲಾರೆವು. ಊರು ಬಿಟ್ಟು ಓಡುವ ಹಾಡಿನಿಂದ ಜಗತ್ಪ್ರಸಿದ್ಧನಾದ ಈ ಮನುಷ್ಯ ಇಂದಿಗೂ ಇರುವುದು ತನ್ನ ಹುಟ್ಟೂರಿಗೆ ಹತ್ತು ನಿಮಿಷದ ಹಾದಿಯಲ್ಲಿ. ಹಾಡದೆಯೇ ಊರು ಬಿಟ್ಟು ಬಂದವರು ನಾವು. ಊರು ಎಂಬುದು ಬಿಟ್ಟು ಬಂದ ಮೇಲೂ ಬಿಡುವುದಿಲ್ಲವೆಂದು ಆತನಿಗೂ ಗೊತ್ತು, ನಮಗೂ ಗೊತ್ತು. ಆದುದರಿಂದ ಹಿರಿಯರಲ್ಲಿ ಒಂದು ಬಿನ್ನಹ: ಮುಂದಿನ ಭಾನುವಾರ ಮಗನ ಕೋಣೆಗೆ ಹೋಗಿ, ‘ಮೈ ಹೋಮ್‌ಟೌನ್’ ಹಾಕು, ಅರ್ಥ ಹೇಳು ಎಂದು ಕೇಳಿ. ಅದು ಮುಗಿದ ಬಳಿಕ ನಿಮ್ಮ ಊರಿನ ಕಥೆಯನ್ನು ಅವನಿಗೆ ಹೇಳಿ. ಹಾಡು ದೊಡ್ಡದೋ ಅಲ್ಲವೋ ಆಗ ಇಬ್ಬರೂ ಕೂಡಿ ತೀರ್ಮಾನಿಸಬಹುದು.